ಕೆರೆಯಾಚೆ ಮಾತಾಡಿದವಳು

ವಿಚಿತ್ರ ಅನುಭವ ಎಂಬ ತಲೆಬರಹ ಕಂಡರೆ ಆ ಪುಟ ತಿರುವಿಹಾಕುವವಳು ನಾನು. ಇಂಥವನ್ನು ಬರೆಯುವವರ ಬಗ್ಗೆ ನನಗಿದ್ದದ್ದು ಬರೀ ಅಪನಂಬಿಕೆಯಲ್ಲ, ತಾತ್ಸಾರ. ಅವರಿಗೆ ನಿದ್ದೆ ಸಾಲದೆ ಇರಬೇಕು, ಇಲ್ಲವೇ ಪಿತ್ತ ಕೆರಳಿರಬೇಕು, ಎರಡೂ ಅಲ್ಲದಿದ್ದರೆ ನಾಲ್ಕು ಜನ ತಮ್ಮತ್ತ ನೋಡಲಿ ಎಂಬ ಚಪಲ ಇರಬೇಕು ಎಂದು ಕ್ಲಾಸಿನಲ್ಲೇ ಹೇಳಿದ್ದುಂಟು. ಆ ಅಭಿಪ್ರಾಯವನ್ನು ಈಗಲೂ ಪೂರ್ತಿ ಬಿಟ್ಟಿಲ್ಲ. ಹಾಗಾಗಿ ಇದನ್ನು ಓದಿ ನೀವು ನನ್ನ ಬಗ್ಗೆಯೂ ಅದನ್ನೇ ಅಂದುಕೊಂಡರೆ ನನ್ನ ತಕರಾರಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ, ಅಷ್ಟೆ.

ನಾನು ಶಿರಸಿಯ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸಿ ನಿವೃತ್ತಳಾದವಳು. ಮದುವೆಯಾಗಲಿಲ್ಲ, ಅದಕ್ಕೆ ಕಾರಣ ಕೇಳುವವರನ್ನು ಮನೆಗೆ ಸೇರಿಸುವುದಿಲ್ಲ. ನಿವೃತ್ತಿಯ ನಂತರ ಒಂದು ಒಳ್ಳೆಯ ಸೈಕಲ್, ಬಿಸಿಲಿಗೊಂದು ನೀಲಿ ಟೊಪ್ಪಿ ಕೊಂಡೆ. ಸುತ್ತಮುತ್ತಲಿನ ಹಳ್ಳಿಗಳಲ್ಲಿ ಬಿದ್ದಿರುವ ವೀರಗಲ್ಲು, ಮಾಸ್ತಿಕಲ್ಲು, ಪಾಳು ಮಂಟಪಗಳನ್ನು ನೋಡಿಕೊಂಡು ಬರುವುದು ನನ್ನ ಹವ್ಯಾಸ. ಭಕ್ತಿಯಿಂದಲ್ಲ, ಕುತೂಹಲದಿಂದ. ಹಿಂದೆ ಒಬ್ಬ ಮನುಷ್ಯ ಕಲ್ಲನ್ನು ಇಷ್ಟು ಚೆಂದ ಕೆತ್ತಿದ, ಅವನ ಮೊಮ್ಮಕ್ಕಳು ಅದರ ಮೇಲೆ ಬಟ್ಟೆ ಒಗೆಯುತ್ತಿದ್ದಾರೆ ಎಂಬುದನ್ನು ಕಣ್ಣಾರೆ ಕಂಡು ಸಿಟ್ಟು ಮಾಡಿಕೊಳ್ಳುವುದರಲ್ಲಿ ಒಂದು ಸುಖವಿದೆ.

ಬಟ್ಟೆ ಒಗೆಯುವವರಾದರೂ ವಾಸಿ. ಈಚೆಗೆ ಪರಂಪರೆಯ ಹೆಸರಿನಲ್ಲಿ ದಂಡು ಕಟ್ಟಿಕೊಂಡು ಬರುವವರಿದ್ದಾರಲ್ಲ, ಅವರು ಇನ್ನೂ ಕಡೆ. ವೀರಗಲ್ಲಿನ ಹೆಗಲ ಮೇಲೆ ಕೈಹಾಕಿ ಫೋಟೋ ತೆಗೆಸಿಕೊಳ್ಳುತ್ತಾರೆ, ಚಿಪ್ಸಿನ ಪೊಟ್ಟಣ ಅಲ್ಲೇ ಬಿಸಾಕುತ್ತಾರೆ. ಒಮ್ಮೆ ಪರಿಚಯದವರೊಬ್ಬರು ನನಗೆ ಸ್ಪೇನ್ ದೇಶದ ವಿಡಿಯೋ ತೋರಿಸಿದ್ದರು. ಅಲ್ಲಿ ರೈಲು ನಿಂತುಹೋದ ಕಡೆ ಹಳಿ ಕಿತ್ತು ಸೈಕಲ್ ದಾರಿ ಮಾಡಿದ್ದಾರಂತೆ. ಜನ ಆಲಿವ್ ತೋಟಗಳ ನಡುವೆ ತುಳಿದುಕೊಂಡು ಹೋಗಿ ಹಳೆಯ ಇಗರ್ಜಿ, ಕಲ್ಲಿನ ಸೇತುವೆ ನೋಡಿ ಬರುತ್ತಾರೆ. "ನಮ್ಮಲ್ಲೂ ಹೀಗೇ ಮಾಡಬೇಕು ಮೇಡಂ" ಎಂದರು. ನಮ್ಮ ಶಿರಸಿಗೆ ಕೀಳಲಿಕ್ಕಾದರೂ ಹಳಿ ಎಲ್ಲಿದೆ ಎಂದು ಕೇಳಿದೆ.

ಇನ್ನು ನನ್ನ ತಂಗಿಯ ವಿಷಯ. ಶಾರದೆ ನನಗಿಂತ ಚಿಕ್ಕವಳು, ಮಂಚಿಕೇರಿಯಲ್ಲಿ ಗಂಡನ ಮನೆ. ಕಂಡ ಕಲ್ಲಿಗೆಲ್ಲ ಕೈಮುಗಿಯುವ ಜಾತಿ. ಅಪ್ಪ ಹೋದ ಮೇಲೆ ಅಮ್ಮ ಅವಳ ಮನೆಯಲ್ಲೇ ಇದ್ದಳು. ಅಮ್ಮನಿಗೆ ರಕ್ತದೊತ್ತಡ. ಯಾರೋ ಒಬ್ಬ ನೋಟ ನೋಡುವವನು, ಅಂದರೆ ಕಣಿ ಹೇಳುವವನು, ಇದು ಮಾತ್ರೆಗೆ ಬಗ್ಗುವ ಕಾಯಿಲೆಯಲ್ಲ ಎಂದು ಹೇಳಿದ. ಇವಳು ಮಾತ್ರೆ ನಿಲ್ಲಿಸಿ ಅಮ್ಮನ ಕೈಗೆ ದಾರ ಕಟ್ಟಿಸಿದಳು, ಹಣೆಗೆ ಭಸ್ಮ ಹಚ್ಚಿದಳು. ಆಮೇಲೆ ಅಮ್ಮ ಹಿತ್ತಿಲಲ್ಲಿ ಬಿದ್ದಳು. ಶಿರಸಿಯ ಆಸ್ಪತ್ರೆಗೆ ತಂದರೂ ಉಳಿಯಲಿಲ್ಲ. ಮಾತ್ರೆ ಬಿಟ್ಟದ್ದರಿಂದಲೇ ಹೀಗಾಯಿತು ಎಂದು ಡಾಕ್ಟರು ಹೇಳಲಿಲ್ಲ. ನಾನು ಹೇಳಿದೆ. ಆಸ್ಪತ್ರೆಯ ಮೊಗಸಾಲೆಯಲ್ಲಿ ನಾಲ್ಕು ಜನರ ಎದುರಿಗೇ ಹೇಳಿದೆ. ಅಂದಿನಿಂದ ನಾವಿಬ್ಬರೂ ಹಬ್ಬಕ್ಕೆ, ಮದುವೆಗೆ ಭೇಟಿಯಾಗುತ್ತಿದ್ದೆವು, ಮಳೆಬೆಳೆ ವಿಚಾರಿಸುತ್ತಿದ್ದೆವು, ಅಷ್ಟೆ.

ಅಂಥವಳು ಎರಡು ವರ್ಷ ಹಿಂದೆ ಶಿರಸಿಯಲ್ಲಿ ಒಂದು ಗೃಹಪ್ರವೇಶ ಮುಗಿಸಿಕೊಂಡು ನನ್ನ ಮನೆಗೆ ಉಳಿಯಲು ಬಂದಳು. ಮರುದಿನ ನಾನು ದಾಸನಕೊಪ್ಪದ ಆಚೆ ಒಂದು ಕೆರೆದಂಡೆಯ ವೀರಗಲ್ಲು ನೋಡಲು ಹೊರಡುವವಳಿದ್ದೆ.

"ನಾಳೆ ನಾನೂ ನಿನ್ನ ಸಂಗ್ತಿಗೆ ಬರ್ತೆ ಅಕ್ಕ" ಎಂದಳು.

"ಎಂತಕ್ಕೆ? ಕಲ್ಲಿಗೆ ಹೂ ಇಡಲಿಕ್ಕಾ?"

"ಹೂ ಇಟ್ರೆ ಕಲ್ಲಿಗೆ ಎಂತ ನೋವಾಗ್ತದಾ?"

ಪಕ್ಕದ ಮನೆಯವರ ಸೈಕಲ್ ಕೇಳಿ ತಂದಳು. ಚಿಕ್ಕಂದಿನಲ್ಲಿ ನಮ್ಮ ಹುಟ್ಟೂರು ನಂದೊಳ್ಳಿಯ ಗದ್ದೆ ಬದಿಯ ದಾರಿಯಲ್ಲಿ ಅವಳಿಗೆ ಸೈಕಲ್ ಕಲಿಸಿದವಳು ನಾನೇ. ಬೆಳಿಗ್ಗೆ ನೋಡಿದರೆ ಬುಟ್ಟಿಯಲ್ಲಿ ಸೇವಂತಿಗೆ ಹೂ, ಕುಂಕುಮದ ಪೊಟ್ಟಣ, ಒಂದು ಬಾಳೆಹಣ್ಣಿನ ಚಿಪ್ಪು. ದಾರಿಯುದ್ದಕ್ಕೂ ನಾನು ಮುಂದೆ, ಅವಳು ಹಿಂದೆ. ಎರಡು ಸಲ ಪಕ್ಕಕ್ಕೆ ಬಂದು "ಅಕ್ಕ, ಒಂದು ಮಾತು" ಎಂದು ಶುರು ಮಾಡಿದಳು. ಏನು ಕೇಳುತ್ತಾಳೆಂದು ನನಗೆ ಗೊತ್ತಿತ್ತು. ಅಮ್ಮನ ಮಾತೆತ್ತಿ ಅಳುತ್ತಾಳೆ, ನಾನು ಸಮಾಧಾನ ಮಾಡಬೇಕು. ಅಂಥ ನಾಟಕಕ್ಕೆ ನನ್ನಲ್ಲಿ ತಾಳ್ಮೆಯಿಲ್ಲ. ಎರಡೂ ಸಲ ಜೋರಾಗಿ ತುಳಿದು ಮುಂದೆ ಹೋದೆ.

ಆ ಊರಿನ ಹೆಸರು ಬೇಡ. ರಸ್ತೆ ಬದಿಗೆ ಒಂದು ಚಹದ ಅಂಗಡಿ, ಅದರ ಹಿಂದೆ ಕೆರೆ ಏರಿ. ಏರಿಯ ಮೇಲೆ ನಡೆದು ಆಚೆ ದಂಡೆಗೆ ಹೋದರೆ ಬಿದಿರು ಮೆಳೆಯ ಹಿಂದೆ ಒಂದು ಮುರುಕು ಮಂಟಪ, ಸಾಲಾಗಿ ವೀರಗಲ್ಲು. ಅಂಗಡಿಯ ಹೆಂಗಸು "ಬರ್ರಿ ಅಕ್ಕಾರ, ಕೂಡ್ರಿ" ಎಂದು ಚಹ ಕೊಟ್ಟಳು. ಸೈಕಲ್‌ಗಳನ್ನು ಅಲ್ಲೇ ನಿಲ್ಲಿಸಿ ಹೊರಟೆವು. ಏರಿಯ ಬುಡದಲ್ಲೇ ನಾನು ಒಂದು ಗುಂಡಿಗೆ ಕಾಲಿಟ್ಟೆ. ಪಾದ ಒಳಕ್ಕೆ ಹೊರಳಿತು. ನೋಡುನೋಡುತ್ತಲೇ ಗಿಣ್ಣು ಊದಿಕೊಂಡಿತು. ಎದ್ದು ನಿಲ್ಲಲು ನೋಡಿದೆ, ಕಣ್ಣು ಕತ್ತಲೆ ಬಂತು.

ಇಳಿಜಾರಿನಲ್ಲಿ ಒಂದು ಹೊಂಗೆ ಮರವಿತ್ತು. ಅದರ ಕೆಳಗೆ ಕುಳಿತು ಬೂಟು ಬಿಚ್ಚಿ, ಟವೆಲ್ ಒದ್ದೆ ಮಾಡಿ ಗಿಣ್ಣಿಗೆ ಸುತ್ತಿಕೊಂಡೆ. ವಾಪಸು ಹೋಗುವ ಎಂದಳು ಶಾರದೆ. ಇಷ್ಟು ದೂರ ಬಂದು ವಾಪಸು ಹೋಗುವುದೇ, ನೀನಾದರೂ ಹೋಗಿ ನಿನ್ನ ಫೋನಿನಲ್ಲೇ ಕಲ್ಲುಗಳ ಫೋಟೋ ತೆಗೆದುಕೊಂಡು ಬಾ, ಕುಂಕುಮ ಮೆತ್ತುವ ಮೊದಲು ತೆಗೆ ಎಂದು ಕಳಿಸಿದೆ. ಅವಳು ಹಿಂದೆ ತಿರುಗಿ ತಿರುಗಿ ನೋಡುತ್ತ ಏರಿ ಹತ್ತಿದಳು.

ಅಷ್ಟರಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಫೋನು ಬಂತು. ಸಿದ್ದಾಪುರದ ಹತ್ತಿರ ಹೋಂಸ್ಟೇ ಇಟ್ಟವನು. ಪ್ರವಾಸಿಗರಿಗೆಂದು ಒಂದು ವೀರಗಲ್ಲಿನ ಪಕ್ಕ ಫಲಕ ನಿಲ್ಲಿಸುವವನಿದ್ದ. ಅದರ ಒಕ್ಕಣೆ ಓದಿ ಹೇಳಿದ. ಹುಣ್ಣಿಮೆಯಂದು ವೀರನ ಆತ್ಮ ಕಲ್ಲಿನಿಂದ ಎದ್ದು ಬರುತ್ತದೆ ಎಂದು ಬರೆದಿದ್ದ! ನನಗೆ ಕಾಲಿನ ನೋವೇ ಮರೆತುಹೋಯಿತು. ಬಿಎಸ್ಸಿ ಓದಿದವನು ನೀನು, ನಾಚಿಕೆಯಾಗುವುದಿಲ್ಲವೇ ಎಂದು ಹಿಡಿದು ಝಾಡಿಸಿದೆ. ಅವನು ಸಮಜಾಯಿಷಿ ಕೊಡುತ್ತಲೇ ಹೋದ, ನಾನು ಬೈಯುತ್ತಲೇ ಹೋದೆ. ತುಂಬಾ ಹೊತ್ತು ನಡೆಯಿತು. ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ, ಅಷ್ಟು ಹೊತ್ತೂ ನಾನು ಎಚ್ಚರವಾಗಿದ್ದೆ, ಆ ಮರದ ಕೆಳಗೇ ಇದ್ದೆ. ಮೂರ್ಛೆ ಹೋಗಿರಲಿಲ್ಲ, ತೂಕಡಿಸಲೂ ಇಲ್ಲ. ಆ ಹುಡುಗನನ್ನು ಆಮೇಲೆ ಕೇಳಿದಾಗ "ಒಂದು ಗಳಿಗೆಯೂ ಬೈಯೋದು ನಿಲ್ಲಿಸಲಿಲ್ಲ ಮೇಡಂ ನೀವು" ಎಂದ.

ಫೋನು ಇಟ್ಟ ಸ್ವಲ್ಪ ಹೊತ್ತಿಗೆ ಶಾರದೆ ಏರಿಯಿಂದ ಇಳಿದು ಬಂದಳು. ಅತ್ತು ಮುಖವೆಲ್ಲ ಕೆಂಪಾಗಿತ್ತು, ಆದರೆ ಆ ಮುಖದಲ್ಲಿ ನಗು. ನನ್ನನ್ನು ಕಂಡವಳು ಗಕ್ಕನೆ ನಿಂತಳು.

"ಬೂಟು ಬಿಚ್ಚಿ ಕೂತೂ ಆಯ್ತಾ? ಮಂಟಪದಿಂದ ಈಗಷ್ಟೇ ನನ್ನ ಮುಂದೆ ಹೊರಟ್ಯಲ್ಲ. ಕಾಲು ಉಳುಕಿದೆ ಅಂತ ಮೆಲ್ಲಗೆ ಬರ್ಬೇಕೋ ಬೇಡ್ವೋ?"

ಇವಳಿಗೆ ಬಿಸಿಲು ತಾಗಿದೆ ಅಂದುಕೊಂಡೆ. ಹಾಗೆ ಹೇಳಬೇಕೆನ್ನುವಷ್ಟರಲ್ಲಿ ಅವಳು ಪಕ್ಕದಲ್ಲಿ ಕುಳಿತು ನನ್ನ ಕೈ ಹಿಡಿದುಕೊಂಡಳು.

"ನೀ ಬೇರೆ ಎಂತ ಹೇಳದಿದ್ರೂ ಅಡ್ಡಿಲ್ಲ ಆಗಿತ್ತು ಅಕ್ಕ. ಅಮ್ಮ ಹೇಳಿದ್ದು ಹೇಳಿದ್ಯಲ್ಲ, ಅಷ್ಟು ಸಾಕು ನಂಗೆ."

"ಅಮ್ಮ ಎಂತ ಹೇಳಿದ್ಳು?"

"ಮತ್ತೆ ನನ್ನ ಬಾಯಲ್ಲಿ ಕೇಳ್ಬೇಕಾ? ಶಾರದೆ ಕಿಟಕಿ ಬದಿ ಮಲಗ್ಲಿ, ಅವ್ಳಿಗೆ ಸೆಕೆ ಆಗ್ತದೆ, ನೀ ದೊಡ್ಡವ್ಳು ಈಚೆ ಬಾ ಅಂತ."

ಓದುಗರೇ, ಇಲ್ಲಿ ಸ್ವಲ್ಪ ನಿಂತು ಹೇಳಬೇಕು. ಅಮ್ಮನ ಕೊನೆಯ ದಿನ ಆಸ್ಪತ್ರೆಯ ಕೋಣೆಯಲ್ಲಿ ಇದ್ದದ್ದು ನಾನೊಬ್ಬಳೇ. ಶಾರದೆಯನ್ನು ನಾನೇ ಹೊರಗೆ ಕಳಿಸಿದ್ದೆ. ಅಮ್ಮ ಕಣ್ಣು ಬಿಟ್ಟು, ನಾವಿಬ್ಬರೂ ಇನ್ನೂ ಚಿಕ್ಕ ಹುಡುಗಿಯರು, ಹಾಸಿಗೆ ಹಾಸುತ್ತಿದ್ದೇವೆ ಎಂಬಂತೆ ಹೇಳಿದ ಮಾತು ಅದು. ಅಕ್ಷರ ಅಕ್ಷರ ಅದೇ ಮಾತು. ಆಮೇಲೆ ಅವಳು ಮಾತಾಡಲಿಲ್ಲ. ನಾನದನ್ನು ಸನ್ನಿಯ ಬಡಬಡಿಕೆ ಅಂದುಕೊಂಡು ಯಾರಿಗೂ ಹೇಳಿರಲಿಲ್ಲ. ಡಾಕ್ಟರಿಗಿಲ್ಲ, ನರ್ಸಿಗಿಲ್ಲ, ಶಾರದೆಗೆ ಮೊದಲೇ ಇಲ್ಲ.

ನಾನು ಸರ್ರನೆ ಕೈ ಎಳೆದುಕೊಂಡೆ. ಶಾರದೆ ಅದು ನೋವಿಗೆ ಎಂದು ತಿಳಿದು, ನನ್ನನ್ನು ತೋಳಿಗೆ ಆನಿಸಿಕೊಂಡು ಅಂಗಡಿಯವರೆಗೆ ಕುಂಟಿಸಿಕೊಂಡು ಬಂದಳು. ಅಂಗಡಿಯ ಹೆಂಗಸು ನನ್ನ ಕಾಲು ನೋಡಿ ಬಿಸಿನೀರು, ಉಪ್ಪು ತಂದಳು. ಬೈಯುತ್ತಲೇ ತಂದಳು.

"ಇಷ್ಟು ಬಾತಿರೋ ಕಾಲು ಇಟ್ಕೊಂಡು ಆ ದಂಡಿಗೆ ಯಾಕ ಹೋದ್ರಿ ಅಕ್ಕಾರ? ಸಣ್ಣ ಹುಡಿಗ್ಯಾರಗತೆ ಇಬ್ರೂ ಕೈ ಕೈ ಹಿಡ್ಕೊಂಡು ಏರಿ ಮ್ಯಾಲ ಹೊಂಟಿದ್ರಿ, ನಾ ನೋಡಿ ನಕ್ಕೆ."

"ನನ್ನನ್ನೇ ನೋಡಿದ್ಯಾ?"

"ನಿಮ್ಮನ್ನಲ್ದ ಇನ್ನ್ಯಾರನ್ನ ನೋಡ್ಲಿ? ಈ ನೀಲಿ ಟೊಪಗಿ ನಮ್ಮೂರಾಗ ಯಾರು ಹಾಕ್ತಾರ್ರಿ?"

ನಾನು ಹೊಂಗೆ ಮರದ ಬುಡದಿಂದ ಎದ್ದೇ ಇಲ್ಲ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಶಾರದೆಯ ಕಡೆ ನೋಡಿದೆ. ಅವಳು ಅಂಗಡಿಯ ಬೆಂಚಿನ ಮೇಲೆ ಕುಳಿತು ಮಿರ್ಚಿ ಭಜಿ ತಿನ್ನುತ್ತಿದ್ದಳು. ಅಮ್ಮ ಹೋದ ಮೇಲೆ ನನ್ನೆದುರಿಗೆ ಅವಳು ಸರಿಯಾಗಿ ಒಂದು ತುತ್ತು ಉಂಡದ್ದನ್ನು ನಾನು ಕಂಡಿರಲಿಲ್ಲ. ಈಗ ಖಾರಕ್ಕೆ ಸೊರ್ ಸೊರ್ ಎನ್ನುತ್ತ ಇನ್ನೊಂದು ಪ್ಲೇಟಿಗೆ ಹೇಳಿದಳು. ಜೀವನವೆಲ್ಲ ಹುಡುಗರಿಗೆ ಸಾಕ್ಷಿ, ಪುರಾವೆ ಎಂದು ಹೇಳುತ್ತ ಬಂದವಳು ನಾನು. "ನಡೀಲಿಕ್ಕೆ ಆಗ್ತದೆ ಅಂದ್ಕೊಂಡಿದ್ದೆ" ಎಂದುಬಿಟ್ಟೆ. ಗೂಡ್ಸ್ ರಿಕ್ಷಾ ಒಂದಕ್ಕೆ ಸೈಕಲ್‌ಗಳನ್ನು ಹೇರಿಕೊಂಡು ಶಿರಸಿಗೆ ಮರಳಿದೆವು. ದಾರಿಯಲ್ಲಿ ಅವಳು ನನ್ನ ಹೆಗಲಿಗೆ ತಲೆಯಿಟ್ಟು ನಿದ್ದೆ ಹೋದಳು.

ನೀವು ಹೇಳಬಹುದಾದದ್ದನ್ನೆಲ್ಲ ನಾನೇ ನನಗೆ ಹೇಳಿಕೊಂಡಿದ್ದೇನೆ. ಶಾರದೆ ಕಟ್ಟಿ ಹೇಳಿದಳೇ? ಕಟ್ಟಿ ಹೇಳುವಷ್ಟು ಬುದ್ಧಿ ಅವಳಿಗಿಲ್ಲ. ಇದ್ದರೂ ಆ ಮಾತು ಅವಳಿಗೆ ಸಿಕ್ಕಿದ್ದೆಲ್ಲಿ? ಕಿಟಕಿ ಬದಿಗೆ ನಾವು ಚಿಕ್ಕಂದಿನಲ್ಲಿ ಜಗಳಾಡುತ್ತಿದ್ದದ್ದು ನಿಜ, ಅದರ ನೆನಪಿನಿಂದ ಹುಟ್ಟಿಸಿಕೊಂಡಿರಬಹುದು. ಆದರೆ ಆಗೆಲ್ಲ ಅಮ್ಮ ಕಿಟಕಿ ಬದಿ ಕೊಡುತ್ತಿದ್ದದ್ದು ನನಗೆ. ಶಾರದೆಗೆ ಬಿಟ್ಟುಕೊಡು ಎಂದದ್ದು ಆಸ್ಪತ್ರೆಯಲ್ಲಿ ಮಾತ್ರ. ಅಂಗಡಿಯವಳು ಊರಿನ ಬೇರೆ ಹೆಂಗಸನ್ನು ನೋಡಿದಳೇ? ನನ್ನ ಟೊಪ್ಪಿ ನನ್ನ ತಲೆಯ ಮೇಲೇ ಇತ್ತು. ಶಾರದೆ ತೆಗೆದ ಫೋಟೋಗಳನ್ನೂ ಒಂದೊಂದಾಗಿ ನೋಡಿದೆ. ಬರೀ ಕಲ್ಲು. ಕುಂಕುಮ ಮೆತ್ತಿದ ಕಲ್ಲು.

ನಿಮ್ಮ ಪೈಕಿ ಕೆಲವರು ಈಗಾಗಲೇ ಅಮ್ಮನ ಆತ್ಮ ಎಂದು ತಲೆದೂಗುತ್ತಿರಬಹುದು. ದಯವಿಟ್ಟು ಅದು ಬೇಡ. ಅಂಥ ಉತ್ತರವನ್ನು ನಾನು ಆ ಹೋಂಸ್ಟೇ ಹುಡುಗನ ಫಲಕದಿಂದಲೇ ಅಳಿಸಿಹಾಕಿಸಿದವಳು. ಅಲ್ಲದೆ ಶಾರದೆ ಕಂಡದ್ದು ಅಮ್ಮನನ್ನಲ್ಲ, ನನ್ನನ್ನು.

ಶಾರದೆ ಈಗ ಮೊದಲಿನ ಹಾಗಿಲ್ಲ. ವಾರಕ್ಕೊಮ್ಮೆ ಫೋನು ಮಾಡುತ್ತಾಳೆ, ನಾನು ಬೈದರೆ ತಿರುಗಿ ಬೈಯುತ್ತಾಳೆ. ನೋಟ ನೋಡುವವನ ಹತ್ತಿರ ಹೋಗುವುದನ್ನು ಮಾತ್ರ ಬಿಟ್ಟಿಲ್ಲ, ಅದಕ್ಕೆ ನಾನು ಬೈಯುವುದನ್ನೂ ಬಿಟ್ಟಿಲ್ಲ. ಕಳೆದ ದೀಪಾವಳಿಗೆ ಬಂದಾಗ, ಆ ದಿನ ಮಂಟಪದಲ್ಲಿ ನಾನು ಇನ್ನೂ ಏನೇನು ಹೇಳಿದ್ದೆ ಎಂದು ಉಪಾಯವಾಗಿ ಕೇಳಿ ನೋಡಿದೆ. ಅವಳು ನಕ್ಕುಬಿಟ್ಟಳು.

"ಹೇಳಿದವ್ಳು ನೀನು, ನನ್ನ ಕೇಳ್ತ್ಯಾ? ಕಡೆಗೆ ನೀ ನನ್ನ ಕೈ ಮೇಲೆ ಕೈ ಇಟ್ಟು ಒಂದು ಮಾತು ಕೊಟ್ಟಿದ್ದೆ, ಅದಾದ್ರೂ ನೆನಪಿದ್ಯಾ? ಇರ್ಲಿ ಬಿಡು. ಬಾಯಿ ಬಿಟ್ಟು ಹೇಳದಿದ್ರೂ ನಡೆಸ್ಕೊಂಡು ಬಂದಿದ್ಯಲ್ಲ."

ಯಾವ ಮಾತು ಎಂದು ನಾನು ಕೇಳುವಂತಿಲ್ಲ. ಕೇಳಿದರೆ ಆ ದಿನ ಅವಳ ಜೊತೆ ಇದ್ದದ್ದು ನಾನಲ್ಲ ಎಂದು ಅವಳಿಗೆ ತಿಳಿದುಹೋಗುತ್ತದೆ. ಯಾರೋ ಕೊಟ್ಟ ಮಾತನ್ನು, ಅದೇನೆಂದು ತಿಳಿಯದೆ, ನಾನು ನಡೆಸಿಕೊಂಡು ಬರುತ್ತಿದ್ದೇನೆ. ಅವಳ ಮೇಲೆ ರೇಗುವ ಮೊದಲು, ಅವಳ ಫೋನು ಎತ್ತದೆ ಬಿಡುವ ಮೊದಲು ಈಗೀಗ ಒಂದು ಗಳಿಗೆ ಕೈ ತಡೆಯುತ್ತದೆ: ಕೊಟ್ಟ ಮಾತು ಇದರ ಬಗ್ಗೆಯೇ ಆಗಿದ್ದರೆ?