ಸೋದರಮಾವನ ತೊಡೆ

ನಮ್ಮ ಮನೆಯಲ್ಲಿ ಸೋದರಮಾವ ಅನ್ನುವವನು ಯಾವಾಗಲೂ ಎರವಲು. ನನಗೆ ಕಿವಿ ಚುಚ್ಚಿದಾಗ ನಾನು ಕೂತದ್ದು ಅವ್ವನ ತವರೂರು ಗೋವಿನಕೋವಿಯ ಯಾವನೋ ದೂರದ ನೆಂಟನ ತೊಡೆಯ ಮೇಲೆ. ತಂಗಿಯ ಮದುವೆಯಲ್ಲಿ ಅವಳನ್ನು ಹಸೆಗೆ ಕರೆತಂದವನು ಇನ್ನೊಬ್ಬ, ಅವನ ಮುಖ ಕೂಡ ಈಗ ನೆನಪಿಲ್ಲ. ಶಾಸ್ತ್ರಕ್ಕೆ ಸೋದರಮಾವ ಬೇಕೇ ಬೇಕು. ಅವ್ವನ ಒಡಹುಟ್ಟಿದ ಗಂಡಸರು ಒಬ್ಬರೂ ಉಳಿದಿಲ್ಲ, ನಮಗೂ ಅಣ್ಣತಮ್ಮಂದಿರಿಲ್ಲ. ಹಾಗಾಗಿ ಏನೇ ಕಾರ್ಯ ಬಂದರೂ ಅವ್ವ ಚನ್ನಗಿರಿಯಲ್ಲಿ ಹೊನ್ನಾಳಿ ಬಸ್ಸು ಹತ್ತಿ, ಅಲ್ಲಿಂದ ತವರೂರಿಗೆ ಹೋಗಿ, ವರಸೆಯಲ್ಲಿ ಸೋದರಮಾವನಾಗಬಲ್ಲ ಒಬ್ಬನನ್ನು ಹಿಡಿದು ತರುತ್ತಿದ್ದಳು. ಅವನಿಗೊಂದು ಹೊಸ ಟವೆಲ್ಲು, ಹೋಳಿಗೆ ಊಟ. ಚಿಕ್ಕವಳಿದ್ದಾಗ ನನಗೆ ಇದೆಲ್ಲ ತಮಾಷೆಯಾಗಿತ್ತು.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲದಲ್ಲಿ ನಾನು ಬೆಂಗಳೂರಿನ ಒಂದು ದೊಡ್ಡ ಆಸ್ಪತ್ರೆಯಲ್ಲಿ ರಕ್ತದ ಕಾಯಿಲೆ ಮತ್ತು ಕ್ಯಾನ್ಸರಿನ ವಾರ್ಡಿಗೆ ತರಬೇತಿಗೆ ಸೇರಿದೆ. ನಮ್ಮ ಕಡೆ ಹೆಣ್ಣು ಡಾಕ್ಟರು ಅಂದರೆ ಹೆರಿಗೆ ಮಾಡಿಸುವವಳು, ಅಷ್ಟೇ. ಅಡಿಕೆ ಮಂಡಿಯಲ್ಲಿ ಯಾರಾದರೂ ಮಗಳು ಏನು ಓದ್ತಾಳೆ ಅಂತ ಕೇಳಿದರೆ ಅಪ್ಪ, ರಕ್ತ ನೋಡ್ತಾಳೆ ಅಂದು ಮಾತು ಬದಲಿಸುತ್ತಿದ್ದರು. ಪಾಪ, ಅವರಾದರೂ ಏನು ಹೇಳಬೇಕಿತ್ತು? ಆ ವಾರ್ಡಿನಲ್ಲಿ ಅರ್ಧಕ್ಕರ್ಧ ಮಕ್ಕಳು. ಔಷಧಿ ಕೆಲವರನ್ನು ಹಾಸಿಗೆಯಿಂದ ಎಬ್ಬಿಸಿ ಓಡಾಡಿಸುತ್ತಿತ್ತು, ತಾಯಂದಿರು ನಮ್ಮ ಕಾಲಿಗೆ ಬೀಳುತ್ತಿದ್ದರು, ಆಮೇಲೆ ಅದೇ ಮಕ್ಕಳು ಮತ್ತೆ ಬಂದು ಅದೇ ಹಾಸಿಗೆಯಲ್ಲಿ ಮಲಗುತ್ತಿದ್ದವು. ನನಗೆ ಮೊದಲೇ ಮೂಗಿನ ತುದಿಯಲ್ಲಿ ಸಿಟ್ಟು. ಅಲ್ಲಿ ಸಿಟ್ಟು ಮಾಡಲು ಒಬ್ಬ ಮನುಷ್ಯನೂ ಸಿಗದೆ ಹಾಸ್ಟೆಲ್ಲಿನ ಅಡಿಗೆಯವನ ಮೇಲೆ ಹರಿಹಾಯುತ್ತಿದ್ದೆ.

ಒಂದು ಬೆಳಿಗ್ಗೆ ಮೊಣಕಾಲು ಕುಂಬಳಕಾಯಿಯಾಗಿ ಊದಿದ ಹುಡುಗನೊಬ್ಬ ಬಂದ. ನಾವೆಲ್ಲ ಸೂಜಿ, ಸಿರಿಂಜು ಅಂತ ಓಡಾಡತೊಡಗಿದಾಗ ನಮ್ಮ ಪ್ರೊಫೆಸರು ಎಲ್ಲರನ್ನೂ ನಿಲ್ಲಿಸಿ, ಹುಡುಗನ ತಾಯಿಯನ್ನು ಒಂದೇ ಒಂದು ಮಾತು ಕೇಳಿದರು: "ನಿಮಗೆ ಅಣ್ಣತಮ್ಮಂದಿರು ಇದ್ದಾರೇನಮ್ಮ?" ಇದ್ದರು, ಸಣ್ಣವರಿದ್ದಾಗಲೇ ಹೋದರು ಅಂದಳು ಆಕೆ. ಪ್ರೊಫೆಸರು ನಮ್ಮ ಕಡೆ ತಿರುಗಿ, ರಕ್ತ ಹೆಪ್ಪುಗಟ್ಟದ ಈ ಕಾಯಿಲೆಯನ್ನು ಹೆಣ್ಣುಮಕ್ಕಳು ಹೊತ್ತು ತರುತ್ತಾರೆ, ಗಂಡುಮಕ್ಕಳು ಅದರಿಂದ ಸಾಯುತ್ತಾರೆ ಎಂದು ವಿವರಿಸಿದರು. ತಾಯಿಗೆ ಏನೂ ಆಗಿರುವುದಿಲ್ಲ, ಅವಳಿಗೆ ಗೊತ್ತೂ ಇರುವುದಿಲ್ಲ. ಸೋದರಮಾವಂದಿರು ಇಲ್ಲದ ಮನೆ ಕಂಡರೆ ಎಚ್ಚರವಾಗಿರಿ ಅಂದರು. ಛೇ, ನಮ್ಮ ಮಾವಂದಿರು ಒಬ್ಬೊಬ್ಬರು ಒಂದೊಂದು ಕಾರಣಕ್ಕೆ ಹೋದವರು ಎಂದು ನನಗೆ ನಾನೇ ಹೇಳಿಕೊಂಡು ಮುಂದಿನ ಹಾಸಿಗೆಗೆ ಹೋದೆ.

ಸ್ವಲ್ಪ ದಿನಕ್ಕೆ ರಜೆಯಲ್ಲಿ ಚನ್ನಗಿರಿಗೆ ಬಂದೆ. ಅವ್ವ ಒಲೆ ಮುಂದೆ ಕೂತು ಎಳ್ಳುಂಡೆ ಕಟ್ಟುತ್ತಿದ್ದಳು. ಜಗಳೂರು ಕಡೆ ಸೊಕ್ಕೆಗೆ ಕೊಟ್ಟಿದ್ದ ತಂಗಿಗೆ ಗಂಡುಮಗು, ಅದಕ್ಕೆ ಹನ್ನೊಂದನೇ ತಿಂಗಳು, ಸೋಮವಾರ ಕಿವಿ ಚುಚ್ಚುವ ಶಾಸ್ತ್ರ. ತೊಡೆ ಕೊಡುವುದಕ್ಕೆ ಗೋವಿನಕೋವಿಯಿಂದ ಒಬ್ಬನನ್ನು ಒಪ್ಪಿಸಿದ್ದಾಯ್ತು ಎಂದು ಅವ್ವ ಸಂಭ್ರಮದಲ್ಲಿ ಹೇಳುತ್ತಿದ್ದರೆ ನಾನು ಕಚ್ಚಿದ್ದ ಎಳ್ಳುಂಡೆಯನ್ನು ಕೆಳಗಿಟ್ಟೆ. ದೊಡ್ಡಮಾವ ಹೇಗೆ ತೀರಿಕೊಂಡ ಅಂತ ಕೇಳಿದೆ. ಹೊನ್ನಾಳಿ ಸಂತೆಯಲ್ಲಿ ಹಲ್ಲು ಕೀಳಿಸಿಕೊಂಡು ಬಂದಿದ್ದನಂತೆ, ರಕ್ತ ಉಗುಳಿ ಉಗುಳಿ ಬೆಳ್ಳಗಾಗಿ ಹೋದನಂತೆ. ಹಲ್ಲು ಕಿತ್ತವನ ಕೈ ಒಳ್ಳೆಯದಲ್ಲವಂತೆ. ಚಿಕ್ಕವನು? ಪೇರಲ ಮರದಿಂದ ಬಿದ್ದ, ತೊಡೆ ಊದಿ ಕಪ್ಪಾಯಿತು. ಆ ಮರದಲ್ಲಿ ಏನೋ ಇತ್ತು. ಅವ್ವನ ಹತ್ತಿರ ಪ್ರತಿ ಸಾವಿಗೂ ಒಂದೊಂದು ಕಾರಣ ಇತ್ತು, ಪ್ರತಿ ಕಾರಣಕ್ಕೂ ಬೈಯಲು ಒಬ್ಬರು ಇದ್ದರು.

ಕೊನೆಗೆ ನಮ್ಮಣ್ಣನ ವಿಷಯ ಕೇಳಿದೆ. ನಾನು ಹುಟ್ಟುವ ಮೊದಲೇ ಹೋದ ಕೂಸು ಅದು, ದೃಷ್ಟಿಯಾಗಿ ಹೋಯಿತು ಎಂದಷ್ಟೇ ಮನೆಯಲ್ಲಿ ಹೇಳುತ್ತಿದ್ದರು. ಅವ್ವನ ಕೈ ನಿಂತಿತು.

"ಹೆಜ್ಜೆ ಇಡಾಕೆ ಕಲೀತಿತ್ತು. ಬಿದ್ದು ತುಟಿ ಒಳಗೆ ಇಷ್ಟೇ ಇಷ್ಟು ಹರೀತು. ರಕ್ತ ನಿಲ್ಲಲೇ ಇಲ್ಲ ಕಣೇ."

ಅಂಟು ಬೆರಳಿನಿಂದ ತನ್ನ ಮೇಲ್ದುಟಿ ಎತ್ತಿ ಜಾಗ ತೋರಿಸಿದಳು. ಆಮೇಲೆ ಸೆರಗಿನಲ್ಲಿ ಬೆರಳು ಒರೆಸಿಕೊಂಡು ಇನ್ನೊಂದು ಉಂಡೆ ಕಟ್ಟಿದಳು.

ತಂಗಿಯ ಮಗುವಿಗೂ ಅದೇ ಕಾಯಿಲೆ ಇದ್ದರೆ ಅಕ್ಕಸಾಲಿಗ ಚುಚ್ಚಿದ ಕಿವಿಯಿಂದ ರಕ್ತ ನಿಲ್ಲುವುದಿಲ್ಲ, ಮಗು ಉಳಿಯುವುದಿಲ್ಲ. ಯಾಕೆ ಚುಚ್ಚಬಾರದು ಎಂದು ಬಾಯಿ ಬಿಟ್ಟರೆ, ಕೆಟ್ಟ ರಕ್ತ ತಂದವಳು ಎಂದು ತಂಗಿ ಆ ಮನೆಯಲ್ಲಿ ಉಳಿಯುವುದಿಲ್ಲ. ಇವೆರಡರ ನಡುವೆ ನಾನು ಒಬ್ಬಳೇ ನಿಂತಿದ್ದೆ. ಸೊಕ್ಕೆಯ ಆ ಮನೆಗೆ ಫೋನಿಲ್ಲ. ಟೆಲಿಗ್ರಾಂ ಕೊಟ್ಟರೆ ಯಾರೋ ಸತ್ತರು ಅಂತ ಅಳುತ್ತ ಎಲ್ಲರೂ ಇಲ್ಲಿಗೇ ಬರುತ್ತಾರೆ. ಅವ್ವನಿಗೆ ಮಾತ್ರ, ಮಗುವಿನ ರಕ್ತ ನೋಡದೆ ಚುಚ್ಚಿಸಬೇಡ, ನಾನೂ ಬರ್ತೀನಿ ಅಂದೆ. ಇವಳ ಓದು ಜಾಸ್ತಿಯಾಯ್ತು ಎಂದು ಅವಳು ಗೊಣಗಿದಳು. ಊರಿನ ಸರ್ಕಾರಿ ಆಸ್ಪತ್ರೆಯಿಂದ ಎರಡು ಗಾಜಿನ ನಳಿಕೆ, ಸಣ್ಣ ಸೂಜಿಗಳು, ಸಿರಿಂಜು ಕೇಳಿ ತಂದು ಕುದಿಸಿ, ಹತ್ತಿಯ ಜೊತೆ ಕಟ್ಟಿಕೊಂಡೆ. ಗೋವಿನಕೋವಿಯವನು ದಾವಣಗೆರೆಯಲ್ಲಿ ನಮ್ಮನ್ನು ಸೇರಿಕೊಂಡು, ದಾರಿಯುದ್ದಕ್ಕೂ ಎಳ್ಳುಂಡೆ ಡಬ್ಬಿಯ ಮೇಲೇ ಕಣ್ಣಿಟ್ಟು ಕೂತಿದ್ದ.

ಸೊಕ್ಕೆಯ ಮನೆ ಒಳಗೆಲ್ಲ ಕಲ್ಲುಹಾಸು. ನಾವು ಹೋದಾಗ ಮಗು ಆ ಕಲ್ಲಿನ ಮೇಲೆ ಪಟಪಟ ಅಂಬೆಗಾಲಿಡುತ್ತ ಬಂದು ನನ್ನ ಸೀರೆ ಹಿಡಿಯಿತು. ಎಂಥ ಚೆಂದದ ಮಗು ಅಂತೀರಿ! ತಂಗಿ ಹಿಗ್ಗಿನಿಂದ, ಗೋಡೆ ಹಿಡಿದು ನಿಲ್ತಾನೆ ಅಕ್ಕ, ಇವತ್ತೋ ನಾಳೆಯೋ ನಡೀತಾನೆ ಅಂದಳು. ನಾನು ಅಂಗಿ ಎತ್ತಿ ನೋಡಿದೆ. ಮೊಣಕಾಲಿನ ಮೇಲೆ ನೀಲಿ ಕಲೆ ಇದ್ದರೆ ಸರಿ, ಎಲ್ಲ ಮಕ್ಕಳಿಗೂ ಇರುತ್ತದೆ. ಈ ಮಗುವಿಗೆ ಕಂಕುಳ ಕೆಳಗೆ, ಎತ್ತಿಕೊಳ್ಳುವವರ ಬೆರಳು ತಾಗುವ ಜಾಗದಲ್ಲೆಲ್ಲ ಕಲೆ ಇತ್ತು. ತಂಗಿ ದನಿ ತಗ್ಗಿಸಿ, ಬೆಳ್ಳಗಿರೋ ಮಕ್ಕಳಿಗೆ ಹಂಗೇ ಅಂತಾರೆ ಅತ್ತೆ ಎಂದಳು. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು.

ಅವಳ ಅತ್ತೆ ಎತ್ತರದ ಹೆಂಗಸು, ಹಣೆ ತುಂಬ ವಿಭೂತಿ, ಗಂಡ ತೀರಿದ ಮೇಲೆ ಹೊಲ, ಮನೆ, ಮಗ ಮೂರನ್ನೂ ಒಂದೇ ಕೈಯಲ್ಲಿ ನಡೆಸಿದವರು. ತಂಗಿಯ ಗಂಡ ತಾಯಿ ಹಾಕಿದ ಗೆರೆ ದಾಟುವವನಲ್ಲ. ಅಕ್ಕಸಾಲಿಗ ಆಗಲೇ ಬಂದು ಚಿನ್ನದ ತಂತಿ ಚೂಪು ಮಾಡುತ್ತ ಪಡಸಾಲೆಯಲ್ಲಿ ಕೂತಿದ್ದ, ನೆಂಟರು ಒಬ್ಬೊಬ್ಬರೇ ಬರುತ್ತಿದ್ದರು. ನಾನು ಆ ಅತ್ತೆಯ ಹತ್ತಿರ ಹೋಗಿ, ಮಗುವಿನ ರಕ್ತ ಒಂದು ಸಲ ನೋಡಬೇಕು, ಅಲ್ಲಿವರೆಗೆ ಚುಚ್ಚುವುದು ಬೇಡ ಅಂದೆ. ಅವರು ನನ್ನ ಕೈಯಲ್ಲಿದ್ದ ಗಂಟು ನೋಡಿದರು.

"ಸೂಜಿ ಚುಚ್ಚಬ್ಯಾಡ್ರಿ ಅಂತ ಬಂದಾಕೆ, ನೀನೇ ಸೂಜಿ ತಂದೀಯಲ್ಲವ್ವ?"

ಸುಳ್ಳು ಹೇಳಬಾರದು, ಮಾತು ಸರಿಯಾಗಿಯೇ ಇತ್ತು. ಅದಕ್ಕೇ ನನಗೆ ಸಿಟ್ಟು ಬಂತು. ನನ್ನ ರಕ್ತವನ್ನೂ ತೆಗೀತೀನಿ, ಎರಡನ್ನೂ ನಿಮ್ಮ ಕಣ್ಣೆದುರಿಗೇ ಹಿಡೀತೀನಿ, ನೋಡಿ ನೀವೇ ಹೇಳ್ರಿ ಎಂದು ಸ್ವಲ್ಪ ಜೋರಾಗಿಯೇ ಅಂದೆ. ಅವರು ಮಗುವನ್ನು ತಾವೇ ಎತ್ತಿಕೊಂಡು ಬಂದು ಬೆಳಕಿನಲ್ಲಿ ಕೂತರು.

ತುಂಬ ಸಣ್ಣ ಸೂಜಿಯಿಂದ ಮಗುವಿನ ಮೊಣಕೈಯ ನರದಲ್ಲಿ ಒಂದಿಷ್ಟೇ ರಕ್ತ ತೆಗೆದೆ. ಹತ್ತಿ ಇಟ್ಟು, ಇದನ್ನು ಗಟ್ಟಿಯಾಗಿ ಒತ್ತಿ ಹಿಡಿ, ನಾನು ಹೇಳುವ ತನಕ ಬಿಡಬೇಡ ಅಂತ ತಂಗಿಯ ಹೆಬ್ಬೆರಳನ್ನು ಅದರ ಮೇಲಿಟ್ಟೆ. ಬಳಿಕ ನನ್ನ ಎಡಗೈಯಿಂದ ತೆಗೆದೆ. ಎರಡು ನಳಿಕೆಗಳನ್ನೂ ಮುಷ್ಟಿಯಲ್ಲಿ ಬೆಚ್ಚಗೆ ಹಿಡಿದು, ಆಗಾಗ ವಾಲಿಸಿ ನೋಡುತ್ತ ಕೂತೆ. ಮೊದಮೊದಲು ಎರಡೂ ಹರಿಯುತ್ತಿದ್ದವು. ನೆಂಟರು ಹತ್ತಿರ ಸರಿದರು. ಅಕ್ಕಸಾಲಿಗ ಕೂಡ ತಂತಿ ಕೆಳಗಿಟ್ಟು ಕತ್ತು ಉದ್ದ ಮಾಡಿದ. ಸ್ವಲ್ಪ ಹೊತ್ತಿಗೆ ನನ್ನದು ಮೊಸರು ಹೆಪ್ಪಾದ ಹಾಗೆ ನಿಂತಿತು. ನಳಿಕೆಯನ್ನು ಬೋರಲು ಮಾಡಿದರೂ ಜಾರಲಿಲ್ಲ. ಮಗುವಿನದು ಹರಿಯಿತು. ಕಾದೆವು, ಮತ್ತೆ ವಾಲಿಸಿದೆ, ಮತ್ತೆ ಹರಿಯಿತು. ಬಿಸಿಲು ಹೊಸ್ತಿಲು ದಾಟಿ ಒಳಗೆ ಬಂದಾಗಲೂ ಅದು ನೀರಿನಂತೆ ಅತ್ತಿಂದಿತ್ತ ಹರಿಯುತ್ತಲೇ ಇತ್ತು. ದೇವರೇ, ನಿಲ್ಲು, ಇನ್ನಾದರೂ ನಿಲ್ಲು ಎಂದು ನಾನು ಒಳಗೊಳಗೇ ಬೇಡಿಕೊಳ್ಳುತ್ತಿದ್ದೆ. ವಾರ್ಡಿನಲ್ಲಿ ನಾನು ಹಾಗೆ ಬೇಡಿಕೊಂಡವಳಲ್ಲ. ಗೋವಿನಕೋವಿಯವನು ಹೊಸ ಟವೆಲ್ಲನ್ನು ಹೆಗಲಿಗೆ ಹಾಕಿಕೊಂಡು, ಬೀಡಿ ಸೇದಿ ಬರ್ತೀನಿ ಅಂತ ಹೊರಗೆ ಹೋದವನು ಮತ್ತೆ ಒಳಗೆ ಬರಲಿಲ್ಲ.

ಯಾರಿಗೂ ನಾನು ಏನೂ ಬಿಡಿಸಿ ಹೇಳಬೇಕಾಗಲಿಲ್ಲ. ತಂಗಿಯ ಅತ್ತೆ ನಿಧಾನವಾಗಿ ಕೇಳಿದರು: "ಇದು ಯಾರ ಕಡೇದವ್ವ?"

ಬಸ್ಸಿನಲ್ಲಿ ನಾನು ಇದಕ್ಕೆ ಉತ್ತರ ಜೋಡಿಸಿಕೊಂಡೇ ಬಂದಿದ್ದೆ. ಯಾರ ಕಡೇದೂ ಅಲ್ಲ, ಕೆಲವು ಮಕ್ಕಳಿಗೆ ಹುಟ್ಟಿನಿಂದ ತಾನೇ ಬರ್ತೈತೆ ಅಂದೆ. ಅದು ಪೂರಾ ಸುಳ್ಳೂ ಅಲ್ಲ, ಹಾಗೆ ಬರುವುದೂ ಉಂಟು. ಅವರು ನಂಬುವ ಹಾಗಿದ್ದರು. ಆದರೆ ನಾನು ಅವ್ವನ ಕಡೆ ನೋಡಿರಲಿಲ್ಲ. ಅವಳು ಕಂಬಕ್ಕೆ ಒರಗಿ, ನನ್ನ ಕೈಯಲ್ಲಿದ್ದ ಆ ನಳಿಕೆಯನ್ನೇ ನೋಡುತ್ತ ನಿಂತಿದ್ದಳು. ಹಲ್ಲು ಕಿತ್ತವನು, ಪೇರಲ ಮರ, ಯಾರದೋ ದೃಷ್ಟಿ, ಇಷ್ಟು ವರ್ಷ ಅವಳು ಬೈದುಕೊಂಡು ಬಂದದ್ದೆಲ್ಲ ಆ ಹೊತ್ತಿಗೆ ಅವಳ ಕೈಬಿಟ್ಟಿರಬೇಕು. ಅಣ್ಣತಮ್ಮಂದಿರು, ಮಗ, ಈಗ ಮೊಮ್ಮಗ, ಎಲ್ಲರ ನಡುವೆ ಉಳಿದದ್ದು ಅವಳೊಬ್ಬಳೇ.

"ಹಂಗಾರೆ ನನ್ನ ಮಗನ್ನ ನಾನೇ ತಿಂದೆನೇನೇ?" ಅಂದಳು ಅವ್ವ.

ಅಷ್ಟು ಜನರ ಎದುರಿಗೆ, ಬೀಗತಿಯ ಎದುರಿಗೆ, ಅಷ್ಟು ಮೆತ್ತಗೆ. ಇನ್ನು ಮುಚ್ಚಿಡಲು ಏನೂ ಉಳಿಯಲಿಲ್ಲ. ನಿನ್ನ ತಪ್ಪಲ್ಲವ್ವ ಅಂತ ನಾನು ಬಡಬಡಿಸಿದ್ದು ಅವಳ ಕಿವಿಗೆ ಹೋಗಲೇ ಇಲ್ಲ. ತಂಗಿ ತಲೆ ತಗ್ಗಿಸಿಬಿಟ್ಟಳು. ಸಿಡಿಲು ಬೀಳಲಿ ಎಂದು ನಾನು ಸೆರಗು ಬಿಗಿದು ಕೂತಿದ್ದೆ. ಏನಾದರೂ ಅಂದರೆ ತಂಗಿಯನ್ನೂ ಮಗುವನ್ನೂ ಕರೆದುಕೊಂಡು ಬಂದ ಬಸ್ಸಿಗೇ ಹೊರಡುವುದು ಎಂದು ಮನಸ್ಸಿನಲ್ಲೇ ತೀರ್ಮಾನ ಮಾಡಿದ್ದೆ. ಅತ್ತೆ ಸೊಸೆಯ ಕಡೆ ನೋಡಿದರು, ಸೊಸೆಯ ಹೆಬ್ಬೆರಳಿನ ಕಡೆ ನೋಡಿದರು. ಹತ್ತಿಯಲ್ಲಿ ಕೆಂಪು ಇನ್ನೂ ಅಗಲವಾಗುತ್ತಿತ್ತು.

"ಒತ್ತಿ ಹಿಡಿ. ಬಿಡಬ್ಯಾಡ," ಅಂದರು.

ಅಕ್ಕಸಾಲಿಗನಿಗೆ ತಂತಿ ಕಟ್ಟಿಡಲು ಹೇಳಿದರು. ಬಂದವರಿಗೆ ಎದ್ದು ಹೋಗಿರಿ ಅನ್ನುವಂತಿಲ್ಲ, ಗಂಧ ಹಚ್ಚಿ ಶಾಸ್ತ್ರ ಮುಗಿಸಾಣ ಅಂದರು. ಸೋದರಮಾವ ಹುಡುಕಿದರೆ ಸಿಗಲಿಲ್ಲ. ಮಣೆ ಮ್ಯಾಲೆ ನೀನೇ ಕೂತ್ಕೋ ಎಂದು ಮಗುವನ್ನು ನನ್ನ ತೊಡೆಗೆ ಇಳಿಸಿದರು. ಇಳಿಸುತ್ತ ನನಗೆ ಮಾತ್ರ ಕೇಳುವಂತೆ, ನಿನಗೂ ಐತೇನವ್ವ ಅಂದರು. ಗೊತ್ತಿಲ್ಲ ಅತ್ತೆ ಅಂದೆ. ಆಗ ನಮ್ಮ ದೊಡ್ಡ ಆಸ್ಪತ್ರೆಯಲ್ಲೂ ಅದನ್ನು ಖಚಿತವಾಗಿ ಹೇಳುವ ಪರೀಕ್ಷೆ ಇರಲಿಲ್ಲ. ಗಂಡುಮಗು ಹುಟ್ಟಿದರೆ ತಿಳಿಯಬೇಕು, ಅಷ್ಟೇ. ದಾವಣಗೆರೆಯಲ್ಲಿ ನನಗೊಂದು ಗಂಡು ನೋಡಿದ್ದರು. ಆ ಮದುವೆಯ ಮಾತನ್ನು ನಾನು ಅಲ್ಲೇ, ಆ ಮಣೆಯ ಮೇಲೇ ಕೈಬಿಟ್ಟೆ.

ಅವರು ಎರಡೂ ಕಿವಿಗೆ ಗಂಧದ ಬೊಟ್ಟು ಇಟ್ಟರು, ಹೆಂಗಸರು ಅಕ್ಕಿಕಾಳು ಹಾಕಿದರು. ಮೊಣಕೈಗೆ ಬಟ್ಟೆಯ ಪಟ್ಟಿ ಬಿಗಿದಿದ್ದೆ, ರಕ್ತ ಅಂತೂ ನಿಂತಿತ್ತು. ಮಗು ಬೆಚ್ಚಗೆ, ಭಾರವಾಗಿ ಕೂತಿತ್ತು. ಅದನ್ನು ಎಷ್ಟು ಸಡಿಲ ಹಿಡಿಯಬೇಕು, ಎಷ್ಟು ಬಿಗಿ ಹಿಡಿಯಬೇಕು ನನಗೆ ತಿಳಿಯಲಿಲ್ಲ. ಕಲೆ ಬಿದ್ದೀತೆಂದು ಕೈ ಸಡಿಲ ಬಿಟ್ಟೆ. ಅದು ಜಾರಿ ಇಳಿದು, ನನ್ನ ಮೊಣಕಾಲು ಹಿಡಿದು ಎದ್ದು ನಿಂತಿತು. ಆಮೇಲೆ ಕೈಬಿಟ್ಟಿತು. ಕಲ್ಲುಹಾಸಿನ ಮೇಲೆ ಒಂದು ಹೆಜ್ಜೆ ಇಟ್ಟು, ತೂರಾಡಿ, ಇನ್ನೊಂದು ಇಟ್ಟಿತು.

ನೆಂಟರೆಲ್ಲ ಚಪ್ಪಾಳೆ ತಟ್ಟಿ, ಬಾ ಬಾ ಎಂದು ಕೂಗಿದರು. ಮಗು ನಗುತ್ತ ಅವರ ಕಡೆ ನಡೆಯಿತು.

ತಂಗಿ ನನ್ನ ರಟ್ಟೆ ಹಿಡಿದುಕೊಂಡಳು. "ಅಕ್ಕ, ನಡೀಬ್ಯಾಡ ಅಂತ ಹೆಂಗೆ ಹೇಳೋದು?"

ಅವ್ವ ಆಗಲೇ ಕಂಬ ಬಿಟ್ಟು ಬಂದಿದ್ದಳು. ಎರಡೂ ಕೈ ಚಾಚಿ, ಬಗ್ಗಿ, ಅವನ ಹಿಂದೆ ಹಿಂದೆ ಹೊರಟಳು.