ಮಾವನ ಮೋಟಾರ್‌ಗೆ ನುಗ್ಗಿದ ಕಳ್ಳ

ಗೆಳೆಯರೇ, ಅನುಮತಿಯಿಲ್ಲದೆ ಜನ ಬೇರೆಯವರ ಸಾಧನಗಳಿಗೆ ಹೇಗೆ ನುಗ್ಗುತ್ತಾರೆ ಎಂಬುದೇ ನನ್ನ ಪಿಎಚ್‌ಡಿ ವಿಷಯ. ಹಾಗಾಗಿ ಇವತ್ತು ಬೆಳಿಗ್ಗೆ ಕಟ್ಟೆಮಳಲವಾಡಿಯ ಸೋದರಮಾವನ ಹೊಲದಲ್ಲಿ ಬೆಚ್ಚಿಬಿದ್ದೆ. ಅವರ ಬೋರ್‌ವೆಲ್ ಮೋಟಾರ್ ಫೋನ್ ಕರೆಯಿಂದಲೇ ಚಾಲೂ ಆಗುತ್ತದೆ. ಅದರ ನಂಬರನ್ನೂ ಪಾಸ್‌ವರ್ಡನ್ನೂ ಪಂಪ್‌ಹೌಸ್ ಬಾಗಿಲ ಮೇಲೆ ಬಣ್ಣದಲ್ಲಿ ಬರೆದಿದ್ದಾರೆ!

"ಮಾವ, ಇದನ್ನ ಯಾರು ಬೇಕಾದ್ರೂ ಆನ್ ಮಾಡಬಹುದಲ್ಲ?" ಎಂದೆ.

"ಮಾಡ್ಲಿ ಅಂತಾನೇ ಬರ್ದಿರೋದು ಕಣ್ಲಾ. ತ್ರೀಫೇಸ್ ಕರೆಂಟು ಬಂದಾಗ ಯಾರು ಮೊದ್ಲು ನೋಡ್ತಾರೋ ಅವ್ರು ಎಲ್ರ ಮೋಟ್ರೂ ಆಕ್ತಾರೆ."

ಇಂಥ ಅಜ್ಞಾನ ಸಹಿಸಲಾಗದೆ, ಅವರಿಗೆ ಹೇಳದೆಯೇ ಪಾಸ್‌ವರ್ಡ್ ಬದಲಿಸಿದೆ. ಊಟದ ಹೊತ್ತಿಗೆ ತಿಳಿಸಿ ಶಭಾಷ್ ಅನ್ನಿಸಿಕೊಳ್ಳುವ ಆಸೆ.

ಊಟಕ್ಕೆ ಕೂತಾಗ ಪಕ್ಕದ ಹೊಲದ ಸಾಕಮ್ಮ ಏದುಸಿರು ಬಿಡುತ್ತಾ ಬಂದರು.

"ಅಣ್ಣೋ, ಕರೆಂಟು ಬಂದು ಓಗೇಬುಡ್ತು! ಎಲ್ರ ಮೋಟ್ರೂ ಆಕ್ದೆ, ನಿಮ್ದು ಮಾತ್ರ ಪಾಸ್‌ವರ್ಡು ತಪ್ಪು ಅಂತದೆ. ಒಗೆಸೊಪ್ಪಿನ ಸಸಿ ಬಾಡ್ತಾ ಅವೆ. ಯಾರೋ ಕಳ್ಳ ನುಗ್ಗವ್ನೆ ಕಣಣ್ಣೋ!"

ನಾನು ತಟ್ಟೆ ನೋಡಿದೆ. ಮಾವ ನನ್ನನ್ನು ನೋಡಿದರು.

"ಊಂ ಕಣಮ್ಮಿ, ನುಗ್ಗವ್ನೆ. ಇಲ್ಲೇ ಮುದ್ದೆ ತಿಂತಾ ಕೂತವ್ನೆ ನೋಡು."

ಸಂಜೆಯವರೆಗೂ ಕೊಡದಲ್ಲಿ ನೀರು ಹೊತ್ತು ಹೊಗೆಸೊಪ್ಪಿನ ಸಸಿಮಡಿ ನೆನೆಸಿದೆ. ಆಮೇಲೆ ಮಾವ ಬಣ್ಣದ ಡಬ್ಬಿ ಕೈಗಿಟ್ಟು, ನನ್ನ ಹೊಸ ಪಾಸ್‌ವರ್ಡನ್ನೂ ಅದೇ ಬಾಗಿಲ ಮೇಲೆ ನನ್ನಿಂದಲೇ ಬರೆಸಿದರು. ಸಾಕಮ್ಮನಿಗೆ ಅವರ ಹೊಲದಿಂದಲೇ ಕಾಣಬೇಕಂತೆ, ಮೊದಲಿಗಿಂತ ದಪ್ಪ ಅಕ್ಷರ.