ಮೀಸೆಗೂ ಒಂದು ತುತ್ತು

ಮಹಾಲಿಂಗಪುರದ ಬಸ್‌ಸ್ಟ್ಯಾಂಡಿನಲ್ಲಿ ನನ್ನ ಕೈಯ ಚಮಚಕ್ಕೆ ಮಗಳು ಹೊಡೆದ ಏಟಿಗೆ ರವೆ ಗಂಜಿ ಹಾರಿ, ಪಕ್ಕದಲ್ಲಿ ಕುಳಿತಿದ್ದ ಹಿರಿಯರ ಬಿಳಿ ಧೋತರದ ಮೇಲೆ ಬಿತ್ತು. ಅವರ ದಪ್ಪ ಮೀಸೆ ನೋಡಿಯೇ ನಾನು ಹೆದರಿದೆ. ಒಂಬತ್ತು ತಿಂಗಳ ಈ ಹುಡುಗಿ ಕೆಲವು ದಿನಗಳಿಂದ ಚಮಚ ಕಂಡರೆ ಸಾಕು, ತುಟಿ ಬಿಗಿದು ಅಳುತ್ತಿದ್ದಳು. ಕೂಸು ಸೊರಗುತ್ತದೆಂಬ ಚಿಂತೆಗೆ ನನಗೂ ಅಳು ಬರುತ್ತಿತ್ತು.

"ತಪ್ಪಾತ್ರಿ" ಎನ್ನುತ್ತ ನಾನು ನೀರಿನ ಬಾಟಲಿ ಹುಡುಕುವಷ್ಟರಲ್ಲಿ ಮಗಳು ತೊಡೆಯಿಂದ ವಾಲಿ, ಅವರು ಸಿಪ್ಪೆ ಸುಲಿದು ಹಿಡಿದಿದ್ದ ಬೇಯಿಸಿದ ಗೆಣಸಿಗೇ ಕೈ ಹಾಕಿದಳು. ಮೆತ್ತನೆಯ ಚೂರೊಂದನ್ನು ಕಿತ್ತು ಬಾಯಿಗಿಟ್ಟುಕೊಂಡಳು. ಕಸಿದುಕೊಳ್ಳಲು ಹೋದ ನನ್ನನ್ನು ಅವರೇ ತಡೆದರು.

"ಏ ಬಿಡವಾ ತಂಗಿ, ಆಕಿಗೂ ಕೈ ಅದಾವು. ತಿನ್ನಾಕತ್ತಾಳ, ಸುಮ್ಮ ಕುಂತು ನೋಡು."

ಮಗಳು ಬಾಯಿಗೆ ಅರ್ಧ, ಮೂಗಿಗೆ ಅರ್ಧ ಎಂಬಂತೆ ತಿಂದಳು. ಉಳಿದದ್ದನ್ನು ಅವರಿಗೆ ತಿನ್ನಿಸಲು ಹೋಗಿ ಮೀಸೆಗೆ ಮೆತ್ತಿದಳು. ಸುತ್ತಲಿನವರು ನಗು ತಡೆದುಕೊಂಡು ನಿಂತರು. ಅವರು ಮಾತ್ರ ಗಂಭೀರವಾಗಿ ಬಾಯಿ ತೆರೆದು ಇನ್ನೊಂದು ತುತ್ತಿಗೆ ಕಾದರು.

ಅಂದಿನಿಂದ ಮೆತ್ತಗೆ ಬೇಯಿಸಿದ್ದನ್ನು ತಾಟಿನಲ್ಲಿ ಹಾಕಿ ಅವಳ ಮುಂದಿಟ್ಟು ಕೂಡತೊಡಗಿದೆ. ಊಟವಾದ ಮೇಲೆ ಅವಳನ್ನು, ನೆಲವನ್ನು, ನನ್ನ ಸೀರೆಯನ್ನು ತೊಳೆಯುವುದೇ ದೊಡ್ಡ ಕೆಲಸ. ಆದರೂ ಊಟದ ಹೊತ್ತಿಗೆ ನಮ್ಮಿಬ್ಬರಲ್ಲಿ ಯಾರೂ ಅಳುತ್ತಿರಲಿಲ್ಲ.